ನಾಲ್ಕನೇ ಹಾಡಿನ ಕೆಂಪು ಬೊಟ್ಟು

ಹ್ಯಾಲಿಫ್ಯಾಕ್ಸ್
ಗುರುವಾರ, 16 ನವೆಂಬರ್ 1995

ಪ್ರೀತಿಯ ಡೆಲ್ಫೀನ್,

ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು. ಬರೆಯಲು ಕೂತಾಗಲೆಲ್ಲ ಅಂಗೈ ಬೆವರಿ ಶಾಯಿ ಕಲೆಸಿಹೋಗುತ್ತಿತ್ತು, ನಾಲ್ಕು ಹಾಳೆ ಹರಿದುಹಾಕಿದೆ. ಇದು ಐದನೆಯದು. ನೀನು ಚೆನ್ನಾಗಿದ್ದೀಯ ಎಂದು ಭಾವಿಸುತ್ತೇನೆ. ಚೆನ್ನಾಗಿಯೇ ಇರುತ್ತೀಯ, ಪತ್ರಿಕೆಯಲ್ಲಿ ಫೋಟೋ ನೋಡಿದೆ, ಕೂದಲು ಗಿಡ್ಡ ಮಾಡಿಸಿಕೊಂಡಿದ್ದೀಯ. ನಾನೂ ಚೆನ್ನಾಗಿದ್ದೇನೆ. ಮುಖ್ಯವಾಗಿ, ಬದುಕಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಸತ್ತಿದ್ದೇನೆಂದು ನಂಬಿರುವವರು ಈ ಊರಿನಲ್ಲಿ ಕಡಿಮೆಯೇನಿಲ್ಲ.

ಇಲ್ಲಿ ವಿಶ್ವವಿದ್ಯಾಲಯದಲ್ಲಿ ನನಗಿದು ಮೊದಲ ವರ್ಷ. ಐದು ವರ್ಷ ಶಾಲೆಯ ಹಾಸ್ಟೆಲ್ಲಿನಲ್ಲಿ ನಿನ್ನ ಜೊತೆ ಒಂದೇ ಕೊಠಡಿಯಲ್ಲಿ ಬೆಳೆದವಳಿಗೆ ಇಲ್ಲಿಯ ಹಾಸ್ಟೆಲ್ ಏನೂ ಅನ್ನಿಸಬಾರದಿತ್ತು. ಆದರೂ ಗಂಟೆ ಹೊಡೆಯದಿದ್ದರೂ ಆರೂವರೆಗೆ ಎದ್ದು ಕೂರುತ್ತೇನೆ. ವಾರ್ಡನ್ ಬಂದು ನೋಡುತ್ತಾಳೆ ಎಂಬಂತೆ ಹಾಸಿಗೆಯ ಮೂಲೆಗಳನ್ನು ಮಡಚುತ್ತೇನೆ. ಊಟವನ್ನು ಅಗಿಯದೆ ನುಂಗುತ್ತೇನೆ, ನನ್ನ ರೂಮ್‌ಮೇಟ್ ನಗುತ್ತಾಳೆ. ಇಲ್ಲಿ ನನ್ನ ಮಾತು ಇಂಗ್ಲೆಂಡಿನದಂತೆ. ಇಂಗ್ಲೆಂಡಿನಲ್ಲಿದ್ದ ಒಂದೂವರೆ ವರ್ಷ ಅಲ್ಲಿಯವರು ಕೆನಡಾದವಳು ಬಂದಳು ಎನ್ನುತ್ತಿದ್ದರು. ಇಂಗ್ಲೆಂಡಿನ ಅಮ್ಮನ ಅರ್ಧ, ಕೆನಡಾದ ಅಪ್ಪನ ಅರ್ಧ ಸೇರಿ ಎಲ್ಲಿಯೂ ಒಂದು ಪೂರ್ತಿ ಆಗಿಲ್ಲ. ಅಪ್ಪ ಈಗಲೂ ಹಡಗಿನಲ್ಲೇ ಇದ್ದಾರೆ. ಕ್ರಿಸ್‌ಮಸ್ಸಿಗೆ ಬರುತ್ತೇನೆ ಎಂದಿದ್ದಾರೆ, ಅವರ ಮಾತು ನೀನು ಬಲ್ಲೆ.

ಮೊದಲ ವಾರವೇ ವಿದ್ಯಾರ್ಥಿಗಳ ರೇಡಿಯೋಗೆ ಸೇರಿಕೊಂಡೆ. ಸೇರಬೇಕೆಂದಲ್ಲ, ಮೇಜಿನ ಹಿಂದಿದ್ದ ಹುಡುಗಿ ಪೆನ್ನು ಕೈಗೆ ತುರುಕಿದಳು, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳೇ ಮೊರಾಗ್, ಕೇಪ್ ಬ್ರೆಟನ್‌ನವಳು, ನಾಲ್ಕನೇ ವರ್ಷ, ಸಂಗೀತದ ಉಸ್ತುವಾರಿ. ಅವಳು ಪಿಸುಗುಟ್ಟಿದರೂ ಎರಡು ಮಹಡಿ ಕೆಳಗೆ ಕೇಳಿಸುತ್ತದೆ. ಇಲ್ಲಿ ಎಲ್ಲರೂ ರೇಡಿಯೋಗೆಂದು ಬೇರೆ ಹೆಸರು ಇಟ್ಟುಕೊಳ್ಳುತ್ತಾರೆ. ನಾನು ಬರೀ ‘ಪೆಲ್’ ಎಂದು ಮನೆತನದ ಹೆಸರು ಬರೆದೆ. ಹಾಗಾಗಿ ಸ್ಟೇಷನ್ನಿನಲ್ಲಿ ನನ್ನ ಮೊದಲ ಹೆಸರು ಯಾರಿಗೂ ಗೊತ್ತಿಲ್ಲ. ಆಗ ಅದು ಬರೀ ಹೆದರಿಕೆಯಿಂದ ಮಾಡಿದ್ದು. ಈಗ ನೋಡು, ಎಷ್ಟು ಉಪಯೋಗಕ್ಕೆ ಬಂತು.

ಸ್ಟುಡಿಯೋಗೂ ಹೊರಗಿನ ಪಡಸಾಲೆಗೂ ನಡುವೆ ಗೋಡೆಯಗಲದ ಗಾಜು ಇದೆ. ಆಚೆ ಒಂದು ಹಸಿರು ಸೋಫಾ, ಸ್ಪ್ರಿಂಗು ಹೊರಗೆ ಬಂದದ್ದು. ಕಾರ್ಯಕ್ರಮಕ್ಕೆ ಬಂದವರು ಅಲ್ಲಿ ಕಾಯುತ್ತಾರೆ. ಮೈಕಿನ ಮುಂದೆ ಕೂತರೆ ಆ ಸೋಫಾದಲ್ಲಿ ಕೂತವರು ಉಗುರು ಕಚ್ಚುವುದೂ ಕಾಣಿಸುತ್ತದೆ.

ನಿಮ್ಮ ಆಲ್ಬಮ್ ಅಕ್ಟೋಬರ್ ಮೊದಲ ವಾರ ಬಂತು. ಇಲ್ಲಿಯ ಪದ್ಧತಿ ಹೀಗೆ. ಹೊಸ ರೆಕಾರ್ಡು ಬಂದರೆ ಒಬ್ಬರು ಅದನ್ನು ಪೂರ್ತಿ ಕೇಳಿ, ರಟ್ಟಿನ ಮೇಲೆ ಒಂದು ಬಿಳಿ ಚೀಟಿ ಅಂಟಿಸಿ, ಯಾವ ಹಾಡು ಹೇಗಿದೆ ಎಂದು ಬರೆಯಬೇಕು. ಬೈಗುಳವಿರುವ ಹಾಡಿನ ಮುಂದೆ ಕೆಂಪು ಬೊಟ್ಟು ಇಡಬೇಕು. ಬೊಟ್ಟು ಇದ್ದದ್ದನ್ನು ಹಗಲು ಹಾಕುವಂತಿಲ್ಲ. ಆಮೇಲೆ ಕೇಳಿದವರು ಚೀಟಿಯಲ್ಲಿ ಉಳಿದ ಜಾಗದಲ್ಲಿ ತಮ್ಮ ತಮ್ಮ ಮಾತು ಸೇರಿಸುತ್ತಾರೆ, ಅಲ್ಲೇ ಜಗಳವನ್ನೂ ಆಡುತ್ತಾರೆ.

ಮೊರಾಗ್ ರೆಕಾರ್ಡನ್ನು ನನ್ನ ಮಡಿಲಿಗೆ ಎಸೆದಳು. “ಏ ಪೆಲ್, ಇದು ನಿಂಗೆ. ಮಾಂಟ್ರಿಯಲ್‌ನವ್ರು. ಹಾಸ್ಟೆಲ್ ಹುಡುಗೀರ ಗೋಳಂತೆ. ನೀನೂ ಅದೇ ಸರಕಲ್ವಾ.”

ನಿಮ್ಮ ಬ್ಯಾಂಡು, ಸ್ನೋ ಡೇ ಕಮಿಟಿ. ಆಲ್ಬಮ್ಮಿನ ಹೆಸರು ‘ಹದಿನಾಲ್ಕನೇ ಕೊಠಡಿ’, ಶಾಲೆಯಲ್ಲಿ ನಮ್ಮಿಬ್ಬರದು. ಹೆಸರು ಓದುವ ಮೊದಲೇ ಚಿತ್ರ ನೋಡಿದ್ದೆ. ಹಿಮದ ಮೇಲೆ ಒಂದೇ ಒಂದು ಕೆಂಪು ಉಣ್ಣೆಯ ಕೈಗವಸು, ಎಡಗೈದು. ಮಣಿಕಟ್ಟಿನ ಹತ್ತಿರ ಬಿಳಿ ನೂಲಿನ ಎರಡು ಗೆರೆ, ಎರಡನೆಯದು ಸೊಟ್ಟ. ಅಮ್ಮ ಹೆಣೆಯುವಾಗ ನಾನು ಪಕ್ಕದಲ್ಲಿ ಕೂತು ನೂಲು ಎಳೆದಿದ್ದರಿಂದ ಆದ ಸೊಟ್ಟ ಅದು. ಬಿಚ್ಚಿ ಸರಿಮಾಡುತ್ತೇನೆ ಎಂದವಳು, ಇರಲಿ ಬಿಡು, ಇದರಿಂದ ಎಡ ಯಾವುದು ಬಲ ಯಾವುದು ಎಂದು ನಿನಗೆ ತಿಳಿಯುತ್ತದೆ ಎಂದು ನಕ್ಕಿದ್ದಳು. ಅದರ ಜೋಡಿ, ಬಲಗೈದು, ನನ್ನ ಕೋಟಿನ ಜೇಬಿನಲ್ಲಿ ಈಗಲೂ ಇದೆ. ಎಡಗೈದು ಕಳೆದುಹೋಗಿದೆ ಎಂದು ನಾನು ತಿಳಿದಿದ್ದೆ.

ಒಂಬತ್ತು ಹಾಡನ್ನೂ ಕೇಳಿದೆ. ನ್ಯಾಯವಾಗಿ ಹೇಳುತ್ತೇನೆ. ಮೊದಲನೆಯದರಲ್ಲಿ ಗಿಟಾರು ಶ್ರುತಿ ತಪ್ಪಿದೆ, ಆದರೂ ಕೇಳಿಸಿಕೊಂಡು ಹೋಗುತ್ತದೆ. ಎರಡನೆಯದು ಬಹಳ ಚೆನ್ನಾಗಿದೆ, ಕಾಲು ತಾನಾಗಿ ತಾಳ ಹಾಕಿತು, ಅದಕ್ಕೇ ಸಿಟ್ಟು ಬಂತು. ಏಳರಿಂದ ಮುಂದಕ್ಕೆ ನೀವೇ ಬೇಸತ್ತಿದ್ದೀರಿ ಎಂದು ಗೊತ್ತಾಗುತ್ತದೆ. ನಾಲ್ಕನೆಯದರ ಹೆಸರು ‘ಹೆಸ್ಟರ್’.

ನಿನ್ನನ್ನು ಬಿಟ್ಟರೆ ನನ್ನನ್ನು ಆ ಹೆಸರಿನಿಂದ ಕರೆಯುತ್ತಿದ್ದವರು ಮೂರೇ ಜನ. ಅವರಲ್ಲಿ ಒಬ್ಬಳು ಈಗಿಲ್ಲ.

‘ಎಡಗೈಗೆ ಚಳಿ, ಬಲಗೈಗೆ ನಾಚಿಕೆ’ ಎಂದು ಶುರುವಾಗುತ್ತದೆ. ಆ ಸಾಲು ನನ್ನದು. ಎಲ್ಲಿಂದ ತೆಗೆದೆಯೆಂದು ನಿನಗೆ ಗೊತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಹೆಸ್ಟರ್ ಮರಳಿ ಬರಲಿಲ್ಲ ಎಂದು ಎಂಟು ಸಲ ಹಾಡುತ್ತೀಯ. ನಿಜವೇ, ನಾನು ಶಾಲೆಗೆ ಮರಳಿ ಬರಲಿಲ್ಲ. ಅಮ್ಮನಿಗೆ ಕಾಯಿಲೆ ಎಂದು ಹೋದ ವರ್ಷ ಜನವರಿಯಲ್ಲಿ ಇಂಗ್ಲೆಂಡಿಗೆ, ಹಲ್ ಊರಿಗೆ ಹೋದೆ. ಏಪ್ರಿಲ್‌ನಲ್ಲಿ ಅಮ್ಮ ತೀರಿಕೊಂಡಳು. ಚಿಕ್ಕಮ್ಮನ ಮನೆಯಲ್ಲೇ ಉಳಿದು ಓದು ಮುಗಿಸಿದೆ. ನಿನ್ನ ಹಾಡಿನಲ್ಲಿ ಆಸ್ಪತ್ರೆ ಇದೆ, ಕಬ್ಬಿಣದ ಮಂಚ ಇದೆ, ಕಿಟಕಿಯ ಹಲಗೆಯ ಮೇಲೆ ಕೂತು ಬ್ರೆಡ್ಡಿಗೆ ಕಾಯುವ ಕುಂಟು ಕಡಲಹಕ್ಕಿಯೂ ಇದೆ. ಅಮ್ಮ ಮಾತ್ರ ಇಲ್ಲ. ಮಂಚದ ಮೇಲೆ ಅವಳ ಜಾಗದಲ್ಲಿ ನನ್ನನ್ನು ಮಲಗಿಸಿದ್ದೀಯ.

ನಾನು ಚೀಟಿ ಬರೆದೆ. ಎಂಟು ಹಾಡಿನ ಬಗ್ಗೆ ಮೇಲಿನಂತೆ ನ್ಯಾಯವಾಗಿ ಬರೆದೆ. ನಾಲ್ಕನೆಯದರ ಮುಂದೆ ಕೆಂಪು ಬೊಟ್ಟು ಇಟ್ಟು, ‘ಬೈಗುಳವಿದೆ, ಹಾಕಬೇಡಿ’ ಎಂದು ಬರೆದೆ. ಸುಳ್ಳು ಎಂದು ಗೊತ್ತಿದ್ದೇ ಬರೆದೆ. ಹೆದರುಪುಕ್ಕಲರ ಸೇಡು ಇಷ್ಟೇ ಗಾತ್ರದ್ದು, ಒಂದು ಬೊಟ್ಟಿನಷ್ಟು. ಈ ಊರಿನ ಗಾಳಿಯಲ್ಲಾದರೂ ನೀನು ನನ್ನನ್ನು ಸಾಯಿಸಬಾರದು, ಅಷ್ಟು ಸಾಕಿತ್ತು ನನಗೆ.

ಆದರೆ ನನಗೆ ಒಂದು ವಿಷಯ ತಿಳಿದಿರಲಿಲ್ಲ. ರೇಡಿಯೋದವರಿಗೆ ಕೆಂಪು ಬೊಟ್ಟು ಎಂದರೆ ಮಕ್ಕಳಿಗೆ ಬೀಗ ಹಾಕಿದ ಬೀರು ಇದ್ದಂತೆ. ಮರುದಿನವೇ ನನ್ನ ಅಕ್ಷರದ ಕೆಳಗೆ ಯಾರದೋ ಹಸಿರು ಶಾಯಿ: ‘ಯಾವ ಬೈಗುಳ? ನನಗೆ ಕೇಳಿಸಲಿಲ್ಲ.’ ಅದರ ಕೆಳಗೆ ಪೆನ್ಸಿಲಿನಲ್ಲಿ: ‘ಎರಡನೇ ನುಡಿಯಲ್ಲಿ ಹಿಂದಿನಿಂದ ಯಾರೋ ಏನೋ ಅಂದಹಾಗಿದೆ.’ ಅದರ ಪಕ್ಕ: ‘ಅದು ಕೆಮ್ಮು ಕಣಯ್ಯಾ.’ ಮೂರನೇ ದಿನದ ಹೊತ್ತಿಗೆ ಐದು ಜನ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನಿನ್ನ ಹಾಡಿನಲ್ಲಿ ಬೈಗುಳ ಹುಡುಕುತ್ತಿದ್ದರು. ಮೊರಾಗ್ ನನ್ನನ್ನು ಮೆಟ್ಟಿಲ ಮೇಲೆ ಹಿಡಿದಳು.

“ಪೆಲ್, ನಿಂಗೆ ಕಿವಿ ತೊಳೆಸ್ಬೇಕು. ನಾಲ್ಕು ಸಲ ಕೇಳ್ದೆ. ನಮ್ಮಜ್ಜಿ ಇಗರ್ಜೀಲಿ ಇದಕ್ಕಿಂತ ಕೆಟ್ಟ ಮಾತಾಡ್ತಾರೆ.”

ಹಿಂದೆ ಸಣ್ಣಗೆ ಏನೋ ಕೇಳಿಸಿದ ಹಾಗಿತ್ತು ಎಂದೆ. ಎಲ್ಲಿ, ತೋರಿಸು ಎಂದಳು. ಅವಳ ಪಕ್ಕ ಕೂತು ಐದನೇ ಸಲ ಕೇಳಿದೆ. ಹಾಡು ಮುಗಿದಾಗ ಮೊರಾಗ್ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ಆವರೆಗೆ ಯಾರೂ ನೋಡಿರಲಿಲ್ಲ. ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡು, ಈ ಹುಡುಗಿ ಯಾರಾಗಿದ್ದಳೋ ಏನೋ ಎಂದಳು.

ಬಲಗೈ ಜೇಬಿನಲ್ಲಿತ್ತು. ಕೈಗವಸಿನ ಹೆಬ್ಬೆರಳನ್ನು ಹಿಡಿದುಕೊಂಡಿದ್ದೆ. ನಾನೇ ಅವಳು ಎನ್ನಬಹುದಿತ್ತು. ಅನ್ನಲಿಲ್ಲ.

ಹೀಗೆ ನನ್ನ ಬೊಟ್ಟೇ ನಿನ್ನ ಹಾಡಿಗೆ ಡಂಗುರ ಹೊಡೆಯಿತು, ರಾತ್ರಿ ಪಾಳಿಯವರೆಲ್ಲ ಅದನ್ನೇ ಹಾಕತೊಡಗಿದರು. ಆ ವಾರ ಹೆಚ್ಚು ಹಾಕಿದ ರೆಕಾರ್ಡುಗಳ ನಮ್ಮ ಪಟ್ಟಿಯಲ್ಲಿ ನಿಮ್ಮ ಆಲ್ಬಮ್ ಹನ್ನೊಂದನೆಯದು, ಮುಂದಿನ ವಾರ ಮೂರನೆಯದು, ಆಮೇಲೆ ಮೊದಲನೆಯದು. ಭಾನುವಾರ ಬೆಳಿಗ್ಗೆ ಹಳೆಯ ಹಳ್ಳಿ ಹಾಡು ಹಾಕುವ ಬೂಟಿಲಿಯೆ ಎಂಬ ಮುದುಕರಿದ್ದಾರೆ. ಬಂದರಿನ ದೋಣಿ ನಡೆಸಿ ನಿವೃತ್ತರಾದವರು, ಎಲೆಕ್ಟ್ರಿಕ್ ಗಿಟಾರಿನ ಸದ್ದು ಕೇಳಿದರೆ ಕಿವಿಯ ಯಂತ್ರ ತೆಗೆದಿಡುವವರು. ಅವರೂ ಚೀಟಿಯಲ್ಲಿ ಬರೆದರು: ‘ಬೈಗುಳ ಸಿಗಲಿಲ್ಲ. ನನ್ನ ತಂಗಿಯ ನೆನಪಾಯಿತು. ಮತ್ತೆ ಕೇಳುತ್ತೇನೆ.’ ಚೀಟಿಯಲ್ಲಿ ಜಾಗ ಮುಗಿದು ಈಗ ಎರಡನೆಯದನ್ನು ಅಂಟಿಸಿದ್ದಾರೆ.

ಆಮೇಲೆ ಟೊರಾಂಟೋದ ಒಂದು ವಾರಪತ್ರಿಕೆಯಲ್ಲಿ ನಿನ್ನ ಸಂದರ್ಶನ ಬಂತು. ಹೆಸ್ಟರ್ ನಿಜವಾಗಿ ಇದ್ದವಳಾ ಎಂದು ಕೇಳಿದ್ದಾರೆ. ನನ್ನ ಕೊಠಡಿಯವಳು ಎಂದಿದ್ದೀಯ. ಅವಳನ್ನು ಕಳೆದುಕೊಂಡಿರಾ ಎಂದು ಕೇಳಿದ್ದಾರೆ. ನೀನು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದೆಯಂತೆ. “ಅದರ ಬಗ್ಗೆ ಮಾತಾಡೋಕೆ ನನಗೆ ಇನ್ನೂ ಆಗ್ತಿಲ್ಲ” ಅಂದೆಯಂತೆ. ನಿನ್ನ ಡ್ರಮ್ಮರ್, ಪಾಪ, ಪ್ರತಿ ಕಾರ್ಯಕ್ರಮಕ್ಕೂ ಮೊದಲು ನಾವೆಲ್ಲ ಅವಳಿಗಾಗಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇವೆ ಎಂದಿದ್ದಾನೆ. ಅವನ ಜೊತೆ ನೀನೂ ನಿಲ್ಲುತ್ತೀಯಲ್ಲ. ಆ ಒಂದು ನಿಮಿಷ ಏನು ಯೋಚಿಸುತ್ತೀಯ ಎಂದು ತಿಳಿಯುವ ಆಸೆ ನನಗೆ.

ಇನ್ನು ಇಲ್ಲಿಯ ಬೇಲಿಯ ಸುದ್ದಿ. ಚಳಿ ಶುರುವಾದರೆ ದಾರಿಯಲ್ಲಿ ಬಿದ್ದ ಒಂಟಿ ಕೈಗವಸನ್ನು ಜನ ಹತ್ತಿರದ ಬೇಲಿಗೆ ಸಿಕ್ಕಿಸಿ ಹೋಗುತ್ತಾರೆ, ಕಳೆದುಕೊಂಡವರು ಹುಡುಕಿಕೊಂಡು ಬಂದಾಗ ಸಿಗಲಿ ಎಂದು. ನಮ್ಮ ಕಟ್ಟಡದ ಮೆಟ್ಟಿಲ ಮುಂದಿನ ತಂತಿಬೇಲಿಯಲ್ಲಿ ಅಕ್ಟೋಬರ್ ಕೊನೆಗೆ ಒಂದು ಕಂಡಿತು. ಮರುದಿನ ಮೂರು. ಈಗ ಬೇಲಿಯ ಆ ತುದಿಯಿಂದ ಈ ತುದಿಯವರೆಗೆ ತೂಗಾಡುತ್ತಿವೆ. ಯಾರೂ ಕಳೆದುಕೊಂಡವಲ್ಲ, ಕೇಳುಗರು ಬೇಕೆಂದೇ ತಂದು ಸಿಕ್ಕಿಸಿದವು. ಎಲ್ಲವೂ ಎಡಗೈಯವು. ಅಂಗೈಯಷ್ಟೂ ಇಲ್ಲದ ಒಂದು ಮಗುವಿನ ಕೈಗವಸಿಗೆ ‘ಹೆಸ್ಟರ್‌ಗೆ’ ಎಂದು ಬರೆದ ಚೀಟಿಯನ್ನು ಪಿನ್ನು ಮಾಡಿದ್ದಾರೆ. ದಿನಕ್ಕೆ ಎರಡು ಸಲ ನನ್ನ ಗೋರಿಯ ಮುಂದೆ ಹಾದು ತರಗತಿಗೆ ಹೋಗುತ್ತೇನೆ. ಒಂದೂ ನನ್ನ ಕೈಗೆ ಸರಿಯಾಗುವುದಿಲ್ಲ. ಹಾಕಿ ನೋಡಿದ್ದೇನೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೇನೋ. ನನಗೆ ಸುಮ್ಮನಿರುವುದು ಚೆನ್ನಾಗಿ ಬರುತ್ತದೆ. ಮಂಗಳವಾರ ಮಧ್ಯಾಹ್ನ ನನ್ನ ಪಾಳಿ. ಫೋನು ಬಂತು. ಡಾರ್ಟ್‌ಮತ್‌ನ ಒಬ್ಬ ಹೆಂಗಸು, ಸಿಟಿ ಬಸ್ಸು ಓಡಿಸುವವಳು, ಡಿಪೋದಿಂದ ಮಾತಾಡುತ್ತಿದ್ದಳು.

“ಆ ಹೆಸ್ಟರ್ ಹಾಡು ಹಾಕ್ತೀಯೇನಮ್ಮ? ಟೀ ಕುಡಿಯೋವಷ್ಟ್ರಲ್ಲಿ ಕೇಳ್ಬೇಕು.”

ಹಗಲು ಹಾಕುವಂತಿಲ್ಲ ಎಂದೆ. ಯಾಕೆ ಎಂದಳು. ಕೆಂಪು ಬೊಟ್ಟಿನ ಕತೆ ಹೇಳಲು ಹೋಗಿ ತೊದಲಿದೆ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. “ನಾನು ಯೋಚ್ನೆ ಮಾಡೋದು ಆ ಹುಡುಗಿ ಬಗ್ಗೆ ಅಲ್ಲಮ್ಮ, ಅವಳ ತಾಯಿ ಬಗ್ಗೆ. ಎಲ್ಲೋ ಇರ್ತಾಳಲ್ಲ ಪುಣ್ಯಾತ್ಗಿತ್ತಿ. ಮಗಳನ್ನ ಕಳ್ಕೊಂಡು ಈ ಹಾಡು ಕಿವಿಗೆ ಬಿದ್ರೆ ಹೆಂಗೆ ತಡ್ಕೋತಾಳೋ.”

“ಅವರು ಕೇಳಲ್ಲ” ಎಂದೆ.

“ನಿಂಗೆ ಹೆಂಗೆ ಗೊತ್ತು?”

ಫೋನು ಇಟ್ಟೆ. ಹಾಡು ಹಾಕಿದೆ. ನಾನೇ ಇಟ್ಟ ಬೊಟ್ಟನ್ನು ದಾಟಿ, ಹಗಲು ಮೂರು ಗಂಟೆಗೆ, ನನ್ನ ಕೈಯಾರೆ. ನೀನು ಅಮ್ಮನನ್ನು ಅಳಿಸಿ ನನ್ನನ್ನು ಮಲಗಿಸಿದ ಆ ಮಂಚದ ಮುಂದೆ ಈಗ ನನ್ನ ಅಮ್ಮ ಜೀವಂತವಾಗಿ ನಿಂತು ಅಳುತ್ತಿದ್ದಾಳೆ, ಡಾರ್ಟ್‌ಮತ್‌ನ ಬಸ್ ಡಿಪೋದಲ್ಲಿ ಯಾರೋ ಅವಳಿಗಾಗಿ ಮರುಗುತ್ತಿದ್ದಾರೆ. ಹಾಡು ಮುಗಿಯುವಷ್ಟರಲ್ಲಿ ನಾನು ನಿರ್ಧಾರ ಮಾಡಿ ಆಗಿತ್ತು.

ಈಗ ನಿನ್ನ ಕಾರ್ಡಿಗೆ ಬರುತ್ತೇನೆ. ಎದುರಿಗೇ ಇಟ್ಟುಕೊಂಡಿದ್ದೇನೆ. ‘ಹೆಸ್, ನೀನು ಹ್ಯಾಲಿಫ್ಯಾಕ್ಸ್‌ನಲ್ಲೇ ಓದ್ತಿದ್ದೀಯ ಅಂತ ಶಾಲೆಯವರು ಹೇಳಿದ್ರು. ಹದಿನೇಳಕ್ಕೆ ನಾವು ಅಲ್ಲಿಗೆ ಬರ್ತಿದ್ದೀವಿ. ಜನ ಏನೇನೋ ತಿಳ್ಕೊಂಡಿದ್ದಾರೆ, ನಾನು ತಿದ್ದೋಕೆ ಹೋಗ್ಲಿಲ್ಲ, ಅಷ್ಟೇ. ಈಗ ಹೇಳಿದ್ರೆ ಎಲ್ಲಾ ಹಾಳಾಗುತ್ತೆ. ಆ ದಿನ ನೀನು ಬರದೇ ಇದ್ರೆ ಒಳ್ಳೇದು ಕಣೇ. ಆಮೇಲೆ ಎಲ್ಲಾದ್ರೂ ಕಾಫಿ ಕುಡಿಯೋಣ. ನಿನ್ನ ಡೆಲ್.’

ಸತ್ತವಳಿಗೆ ಕಾಫಿ. ಅಷ್ಟು ವರ್ಷ ಒಂದೇ ಕೊಠಡಿಯಲ್ಲಿದ್ದೂ ನಾನು ಟೀ ಕುಡಿಯುವವಳು ಎಂಬುದು ನಿನಗೆ ನೆನಪಿಲ್ಲ.

ನಾನು ಕಾರ್ಯಕ್ರಮಕ್ಕೆ ಬರುವುದಿಲ್ಲ, ಚಿಂತೆ ಮಾಡಬೇಡ. ನಾಳೆ ಶುಕ್ರವಾರ, ರಾತ್ರಿಯ ಕಾರ್ಯಕ್ರಮಕ್ಕೆ ಮೊದಲು, ನಾಲ್ಕು ಗಂಟೆಗೆ ನೀವು ನಾಲ್ವರೂ ನಮ್ಮ ಸ್ಟೇಷನ್ನಿಗೆ ಬರುತ್ತೀರಲ್ಲ. ಮಾತುಕತೆ, ನಡುವೆ ಎರಡು ಹಾಡು, ಎಲ್ಲ ನೇರ ಪ್ರಸಾರ. ಮೊರಾಗ್ ಆ ಕೆಲಸವನ್ನು ನನಗೇ ವಹಿಸಿದ್ದಾಳೆ. “ಬೊಟ್ಟು ಇಟ್ಟೋಳು ನೀನೇ, ಎದುರಿಗೆ ಕೂರಿಸ್ಕೊಂಡು ಬೈಗುಳ ಎಲ್ಲಿದೆ ಅಂತ ಕೇಳು” ಎಂದಳು. ಬೇರೆ ಯಾವ ದಿನವಾದರೂ ನಾನು ಜ್ವರ ಎಂದು ಮಲಗಿಬಿಡುತ್ತಿದ್ದೆ. ಮೈಕಿನ ಮುಂದೆ ಮಾತು ಬರುವುದಿಲ್ಲವೆಂದು ಎರಡು ಹಾಡು ಒಟ್ಟಿಗೆ ಹಾಕಿ ತಪ್ಪಿಸಿಕೊಳ್ಳುವವಳು ನಾನು. ಈ ಸಲ ಆಗಲಿ ಎಂದೆ. ಮೂರು ದಿನದಿಂದ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಒಂದೇ ವಾಕ್ಯ ಅಭ್ಯಾಸ ಮಾಡುತ್ತಿದ್ದೇನೆ: ‘ನಮಸ್ಕಾರ, ನಾನು ಹೆಸ್ಟರ್ ಪೆಲ್, ಹದಿನಾಲ್ಕನೇ ಕೊಠಡಿಯವಳು.’ ಈಗ ತೊದಲದೆ ಬರುತ್ತದೆ. ಅದನ್ನು ಹೇಳಿ ಬಲಗೈ ಕೈಗವಸನ್ನು ಮೇಜಿನ ಮೇಲೆ, ನಿನ್ನ ಮೈಕಿನ ಪಕ್ಕ ಇಡುತ್ತೇನೆ. ಆಮೇಲೆ ನಾನು ಏನೂ ಮಾತಾಡುವುದಿಲ್ಲ. ಬೂಟಿಲಿಯೆ ಅಜ್ಜ ಕೇಳುತ್ತಿರುತ್ತಾರೆ, ಡಿಪೋದಲ್ಲಿ ಆ ಹೆಂಗಸು ಕೇಳುತ್ತಿರುತ್ತಾಳೆ, ನಿನ್ನ ಡ್ರಮ್ಮರ್ ನಿನ್ನ ಮುಖವನ್ನೇ ನೋಡುತ್ತಿರುತ್ತಾನೆ. ಆ ಮೌನವನ್ನು ನೀನೇ ತುಂಬು. ಒಂದು ನಿಮಿಷದ ಮೌನ ನಿನಗೆ ಅಭ್ಯಾಸವಿದೆಯಲ್ಲ.

ನನ್ನ ಹೆಸರು ಬಾಯಿಗೆ ಬರುವ ಮೊದಲೇ ನೀನೇ ಎಲ್ಲವನ್ನೂ ಹೇಳಿಬಿಟ್ಟರೆ ನಾನು ಸುಮ್ಮನಿರುತ್ತೇನೆ. ಅಷ್ಟು ರಿಯಾಯಿತಿ ಕೊಡುತ್ತೇನೆ, ಹಳೆಯ ಸ್ನೇಹಕ್ಕೆ. ಎದ್ದು ಹೋಗಿಬಿಡುವ ಯೋಚನೆಯಿದ್ದರೆ, ಲಿಫ್ಟು ಕೆಟ್ಟಿದೆ. ಮೆಟ್ಟಿಲು ಇಳಿದರೆ ನೇರ ಆ ಬೇಲಿಯ ಮುಂದೆ ನಿಲ್ಲುತ್ತೀಯ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಮೂರೂವರೆಗೆ ನೀವು ಬಂದು ಆ ಹಸಿರು ಸೋಫಾದಲ್ಲಿ ಕೂತಾಗ ಮೊರಾಗ್ ನಿನ್ನ ಕೈಗೆ ಕೊಡುತ್ತಾಳೆ, ಅಭಿಮಾನಿಯೊಬ್ಬಳದು ಎಂದು. ಅವಳಿಗೆ ಏನೂ ಗೊತ್ತಿಲ್ಲ, ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ.

ನಿನ್ನ ಗಂಟಲು ಕೆಡದಿರಲಿ. ನಿನ್ನ ಹಾಡುಗಳು ದೂರದ ಊರುಗಳಿಗೆಲ್ಲ ಹೋಗಲಿ, ಹೋದಲ್ಲೆಲ್ಲ ಜನ ನಿನ್ನನ್ನು ನನ್ನ ಬಗ್ಗೆಯೇ ಕೇಳಲಿ. ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ, ನೆನಪಿನ ಶಕ್ತಿಯನ್ನೂ ಅಷ್ಟೇ ದೀರ್ಘವಾಗಿ ಕೊಡಲಿ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರು ಕ್ರಿಸ್‌ಮಸ್ಸಿಗೆ ಕಳಿಸುತ್ತಿದ್ದ ಮಾಂಸದ ಕಡುಬಿನ ರುಚಿ ಇನ್ನೂ ನಾಲಗೆಯ ಮೇಲಿದೆ. ಅವರನ್ನು ಚೆನ್ನಾಗಿ ನೋಡಿಕೋ.

ನಿನ್ನ ಕೊಠಡಿಯವಳು,
ಹೆಸ್ಟರ್

ಮತ್ತೊಂದು ಮಾತು, ಮೇಲೆ ಬರೆಯಲು ಧೈರ್ಯವಾಗದೆ ಇಲ್ಲಿಗೆ ಉಳಿಸಿಕೊಂಡದ್ದು. ಹಲ್‌ನಿಂದ ನಿನಗೆ ಹನ್ನೊಂದು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಚಳಿ ಮತ್ತು ನಾಚಿಕೆಯ ಸಾಲು ಮೂರನೆಯದರಲ್ಲಿತ್ತು, ಕುಂಟು ಕಡಲಹಕ್ಕಿ ಏಳನೆಯದರಲ್ಲಿ. ನಾಲ್ಕನೆಯದರಲ್ಲಿ ಒಂದು ಕೇಳಿಕೆ ಇತ್ತು: ನನ್ನ ಎಡಗೈ ಕೈಗವಸು ಮಂಚದ ಕೆಳಗೆ ಬಿದ್ದಿದೆಯೇನೋ ನೋಡಿ ಕಳಿಸು ಡೆಲ್, ಅದರ ಜೋಡಿ ಎಲ್ಲಿ ಎಂದು ಅಮ್ಮ ದಿನಾ ಕೇಳುತ್ತಾಳೆ, ಇನ್ನೊಂದು ಹೆಣೆದುಕೊಡಲು ಅವಳ ಬೆರಳು ಬಗ್ಗುತ್ತಿಲ್ಲ. ಏಪ್ರಿಲ್‌ವರೆಗೆ ಕಾದೆ. ಕೊನೆಗೆ ಒಂದು ದಿನ, ಅಂಚೆಯಲ್ಲಿ ಬಂತಮ್ಮ ಎಂದು ಸುಳ್ಳು ಹೇಳಿ, ಬಲಗೈದನ್ನೇ ತಿರುವಿ ಅವಳ ಕೈಗೆ ಕೊಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ ಬಿಳಿ ಗೆರೆಯನ್ನು ಬೆರಳಿನಿಂದ ಸವರಿ ನೋಡಿದಳು. ಗೆರೆ ನೇರವಾಗಿತ್ತು. ನನ್ನ ಕೈ ತಟ್ಟಿದಳು.

ಇಷ್ಟು ದಿನ ಅಂಚೆಯವರನ್ನು ಬೈದೆ, ವಾರ್ಡನ್‌ಳನ್ನು ಬೈದೆ. ಪತ್ರಗಳು ನಿನ್ನ ಕೈ ಸೇರಲೇ ಇಲ್ಲ ಎಂದುಕೊಂಡು ನಿನ್ನನ್ನು ಪ್ರೀತಿಸುತ್ತಲೇ ಇದ್ದೆ. ನಾಲ್ಕನೇ ಹಾಡು ಕೇಳಿದ ಮೇಲೆ ತಿಳಿಯಿತು, ನೀನು ಎಲ್ಲವನ್ನೂ ಓದಿದ್ದೆ. ಓದುವಾಗ ನಿನ್ನ ಮುಖ ಹೇಗಿತ್ತು ಎಂದು ಮಾತ್ರ ನನಗೆ ತಿಳಿಯಲಿಲ್ಲ.

ಇದು ಹನ್ನೆರಡನೆಯದು. ಗಾಜಿನ ಈಚೆ ಕೂತಿದ್ದೇನೆ. ತಲೆ ಎತ್ತು.